ಹಿತ್ತಲ ಕೊಳದ ಕದಡಿದ ನೀರು: ರಾಯಚೂರಿನ ತಂಗಿಗೆ

ತಂಗಿ, ರಾಯಚೂರಿಂದ ಅಮೆರಿಕದ ಫೀನಿಕ್ಸಿಗೆ ಬಂದು ಇನ್ನೂ ಸಾಮಾನು ಬಿಚ್ಚಿಲ್ಲ, ಅಷ್ಟರಲ್ಲೇ ಬಾಡಿಗೆ ಮನೆಯ ಹಿತ್ತಲಿನ ಈಜುಕೊಳ ಅಕ್ಕಿ ತೊಳೆದ ನೀರಿನ ಹಾಗಾಗಿದೆ ಅಂತ ಬರೆದಿದ್ದೀಯ. ದಿನಾ ಕ್ಲೋರಿನ್ ಗುಳಿಗೆ ಹಾಕಿದರೂ ತಿಳಿಯಾಗುತ್ತಿಲ್ಲ, ಊರಿಂದ ತಂದ ಪಟಿಕ ಹಾಕಲಾ ಅಂತ ಕೇಳಿದ್ದೀಯ. ಜೊತೆಗೆ ಲೈಸೆನ್ಸು, ಜೋಳದ ಹಿಟ್ಟಿನ ವಿಚಾರ. ಲೈಸೆನ್ಸ್ ಬೇಗ ಮಾಡಿಸಿಕೊ, ಕಾರಿಲ್ಲದೆ ಇಲ್ಲಿ ಕೈಕಾಲು ಆಡುವುದಿಲ್ಲ. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದಾದರೆ ರೊಟ್ಟಿ ಬಡಿಯುವಾಗ ಹರಿಯುತ್ತದೆ, ಚಿಕ್ಕ ಪ್ಯಾಕೆಟ್ ತಗೋ.

ಮಗ ಈಜಬೇಕು ಅಂತ ಹಟ ಮಾಡುತ್ತಾನೆ ಅಂದೆಯಲ್ಲ, ಕೊಳದ ತಳದ ಜಾಲರಿ ಮೇಲಿಂದ ಚೆನ್ನಾಗಿ ಕಾಣುವವರೆಗೆ ಅವನನ್ನು ನೀರಿಗೆ ಬಿಡಬೇಡ. ಕದಡಿದ ನೀರಲ್ಲಿ ಮಗು ಮುಳುಗಿದರೆ ದಡದಲ್ಲಿ ನಿಂತವರಿಗೂ ಕಾಣುವುದಿಲ್ಲ. 6 ವರ್ಷದೊಳಗಿನ ಮಕ್ಕಳಿದ್ದರೆ ಕೊಳಕ್ಕೆ ಕನಿಷ್ಠ 5 ಅಡಿಯ ಬೇಲಿ ಇರಬೇಕು ಅಂತ ಅರಿಜೋನಾದ ಕಾನೂನಿದೆ. ಇಲ್ಲದಿದ್ದರೆ ಮನೆ ಮಾಲೀಕರನ್ನು ಇವತ್ತೇ ಕೇಳು.

ಮಳೆಗಾಲದ ಕೆಂಪು ನೀರಿಗೆ ಪಟಿಕ ಆಡಿಸಿದರೆ ಬೆಳಗಾಗುವಷ್ಟರಲ್ಲಿ ಕೆಸರು ಕೊಡದ ತಳ ಸೇರಿರುತ್ತದೆ, ನಿನಗೆ ಗೊತ್ತೇ ಇದೆ. ಇಲ್ಲಿ ಫ್ಲಾಕ್ ಅಂತ ಮಾರುವುದೂ ಹೆಚ್ಚುಕಡಿಮೆ ಅದೇ ಜಾತಿ. ಆದರೆ ಕೊಳದಲ್ಲಿ ಕೂತ ಕೆಸರನ್ನು ಫಿಲ್ಟರಿಗೆ ಹೋಗದ ಹಾಗೆ ಎಳೆದು ನೇರ ಹೊರಗೆ ಬಿಡಬೇಕು. ಕಾರ್ಟ್ರಿಜ್ ಫಿಲ್ಟರ್ (ಒಳಗೆ ಮಡಿಕೆ ಮಡಿಕೆಯ ಬಟ್ಟೆಯಂಥ ಸೋಸುಗ ಇರುವುದು) ಇದ್ದರೆ ಸಾಮಾನ್ಯವಾಗಿ ಆ ದಾರಿ ಇರುವುದಿಲ್ಲ, ಫಿಲ್ಟರೇ ಕಟ್ಟಿಕೊಳ್ಳುತ್ತದೆ. ಪಟಿಕ ಡಬ್ಬಿಯಲ್ಲೇ ಇರಲಿ.

ಮೊದಲು ನೀರು ಪರೀಕ್ಷೆ ಮಾಡಿಸು. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.2ರಿಂದ 7.8ರ ಒಳಗಿರಬೇಕು. ಇಲ್ಲಿನ ನೀರು ಗಡಸು. ಪಿಎಚ್ ಏರಿದರೆ ಸುಣ್ಣದ ಅಂಶ ಬಿಟ್ಟುಕೊಂಡು ನೀರು ಬೆಳ್ಳಗಾಗುತ್ತದೆ. ಫಿಲ್ಟರಿನ ಒತ್ತಡದ ಮೀಟರ್, ಫಿಲ್ಟರ್ ಶುಚಿ ಇದ್ದಾಗಿನದಕ್ಕಿಂತ 8-10 ಪಿಎಸ್‌ಐ ಜಾಸ್ತಿ ತೋರಿಸಿದರೆ ಫಿಲ್ಟರ್ ತೊಳೆ. ಧೂಳಿನ ಬಿರುಗಾಳಿ ಬಂದುಹೋದ ಮೇಲಂತೂ ಗೋಡೆ ಉಜ್ಜಿ, ತಿಳಿಯಾಗುವವರೆಗೆ ಪಂಪ್ ಓಡಿಸು. ಪಿಎಚ್ ಇಳಿಸಲು ಹಾಕುವ ಆ್ಯಸಿಡ್ ಮತ್ತು ಕ್ಲೋರಿನ್ ಎಂದೂ ಒಟ್ಟಿಗೆ ಸೇರಿಸಬೇಡ. ವಿಷದ ಗಾಳಿ ಏಳುತ್ತದೆ. ಎರಡನ್ನೂ ಬೇರೆ ಬೇರೆ ಜಾಗದಲ್ಲಿಡು.

ಈಗ ನಿನ್ನ ಗುಳಿಗೆ ವಿಚಾರ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕೊಳಕ್ಕೆ ಹಾಕುವ ಕ್ಲೋರಿನ್ ಗುಳಿಗೆ ಸಾಮಾನ್ಯವಾಗಿ ಟ್ರೈಕ್ಲೋರ್ ಅನ್ನುವ ಜಾತಿಯದು. ಅದು ನೀರಿಗೆ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 10 ಪಾಲು) ಕ್ಲೋರಿನ್ ಕೊಟ್ಟರೆ ಜೊತೆಗೆ 6 ಪಿಪಿಎಂ ಸೈನುರಿಕ್ ಆ್ಯಸಿಡ್ ಬಿಡುತ್ತದೆ. ಅಂಗಡಿಯವರು ಸ್ಟೆಬಿಲೈಸರ್ ಅನ್ನುವುದು ಇದಕ್ಕೇ. 30ರಿಂದ 50 ಇದ್ದರೆ ಒಳ್ಳೆಯದು, ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗುವುದನ್ನು ತಡೆಯುತ್ತದೆ. 100 ದಾಟಿದರೆ ಕ್ಲೋರಿನ್ ಇದ್ದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ನೀರು ಆವಿಯಾದರೂ ಅದು ಹೋಗುವುದಿಲ್ಲ, ಫಿಲ್ಟರಿಗೂ ಸಿಗುವುದಿಲ್ಲ. ನೀರು ಚೆಲ್ಲಿ ಹೊಸದು ತುಂಬುವುದೇ ಸಾಮಾನ್ಯ ದಾರಿ. ಅಂಗಡಿಯೊಂದು ನನಗೆ ನೀರು ತಿಳಿಯಾಗಿಸುವ ಕ್ಲಾರಿಫೈಯರ್ ಬಾಟಲಿಗಳನ್ನು ಮಾರುತ್ತಲೇ ಹೋಯಿತು, ಈ ಮಾತು ಎತ್ತಲೇ ಇಲ್ಲ.

ಕೊನೆಗೆ ಅರ್ಧ ಕೊಳ ಖಾಲಿ ಮಾಡಿಸಿದೆವು. ಸುಮಾರು 28,000 ಲೀಟರ್ ನೀರು ಒಳಚರಂಡಿಗೆ ಹೋಯಿತು. ಊರಲ್ಲಿ ನಮ್ಮ ಹೊಲ ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿದೆ. ಮೇಲಿನವರು ನಾಟಿ ಮುಗಿಸಿದರೂ ನಮಗೆ ನೀರು ಮುಟ್ಟುತ್ತಿರಲಿಲ್ಲ. ಅಪ್ಪ ರಾತ್ರಿಯೆಲ್ಲ ಕಾಲುವೆ ಏರಿ ಮೇಲೆ ಕಾಯುತ್ತಿದ್ದರು. ಈ ದೇಶಕ್ಕೆ ಬಂದ ದಿನ ವಿಮಾನದಿಂದ ಮನೆಮನೆಯ ಹಿತ್ತಲಲ್ಲಿ ನೀಲಿ ನೀರು ಕಂಡಾಗ ಇಲ್ಲಿ ನೀರಿಗೇನೂ ಬರವಿಲ್ಲ ಅಂದುಕೊಂಡಿದ್ದೆ. ಹಾಗಲ್ಲ. ಕೊಲೊರಾಡೊ ನದಿಯ ನೀರು ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಈ ಕಡೆಗೆ ಬರುತ್ತದೆ. 2022ರಲ್ಲಿ ಕೊರತೆ ಬಿದ್ದಾಗ ದೊಡ್ಡ ಪೆಟ್ಟು ಬಿದ್ದದ್ದು ಪಕ್ಕದ ಪಿನಾಲ್ ಕೌಂಟಿಯ ರೈತರಿಗೆ. ಆ ಸುದ್ದಿ ಓದಿದ ಮೇಲೆ, ಚೆಲ್ಲಿದ ಆ ನೀರು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಇದನ್ನೆಲ್ಲ ಇಲ್ಲಿನ ಗೆಳತಿಯರಿಗೆ ಹೇಳಿದರೆ ತಿಳಿಯುವುದಿಲ್ಲ. ನಿನಗೆ ತಿಳಿಯುತ್ತದೆ, ಅಲ್ವಾ?

ಅದಕ್ಕೇ ಹೇಳುವುದು, ಗುಳಿಗೆ ಇವತ್ತೇ ನಿಲ್ಲಿಸು. ಸೈನುರಿಕ್ ಆ್ಯಸಿಡ್ ಸೇರದ ಲಿಕ್ವಿಡ್ ಕ್ಲೋರಿನ್ ತಂದು ಸಂಜೆ ಬಿಸಿಲಿಳಿದ ಮೇಲೆ ಹಾಕು. ಪರೀಕ್ಷೆಯ ಚೀಟಿಯಲ್ಲಿ ಸೈನುರಿಕ್ ಆ್ಯಸಿಡ್ ಎಷ್ಟಿದೆ ನೋಡಿ ನನಗೆ ಬರೆ. ಚೆಲ್ಲಲೇಬೇಕಾದರೂ ಬೇಸಿಗೆಯಲ್ಲಿ ಬೇಡ, ಖಾಲಿ ಕೊಳದ ಗಿಲಾವು ಬಿಸಿಲಿಗೆ ಬಿರುಕು ಬಿಡುತ್ತದೆ. ಮಾಲೀಕರನ್ನು ಕೇಳದೆ ನೀರು ಖಾಲಿ ಮಾಡುವ ಪಂಪ್ ಇಳಿಸಬೇಡ.