ಎರೆ ನಾಡಿನವರು ಕೇಳುವ ಮಾತೇ ಇದು?

ಪತ್ರ: “ಕಲಬುರಗಿಯಿಂದ ಕಡಲು ನೋಡಬೇಕಂದ್ರ ಒಂದು ರಾತ್ರಿ ರೈಲು. ನಮಗ್ಯಾಕ್ರೀ ಕಡಲೊಳಗಿನ ಗಾಳಿಯಂತ್ರದ ಲೇಖನ? ಎಂಟು ಮೀಟರ್ ಅಗಲದ ಉಕ್ಕಿನ ಕೊಳವೆ ಬಡಿದ ಮ್ಯಾಲೆ ತಳದ ಮಣ್ಣು ಯಾವುದಿದ್ರೇನು?” (ಸೇಡಂನ ಓದುಗರೊಬ್ಬರು)

ಸಂಪಾದಕರ ಉತ್ತರ: ಕಡಲು ದೂರ, ಒಪ್ಪಿದೆ. ಉಕ್ಕು ದಪ್ಪ ಇರಬೇಕು, ಅದನ್ನೂ ಒಪ್ಪಿದೆ. ಆದರೆ ಎರೆ ಹೊಲದ ನಡುವೆ ಬಾಳುವ ತಾವೇ “ಮಣ್ಣು ಯಾವುದಿದ್ರೇನು” ಅಂದರೆ ಹೇಗ್ರೀ? ಬೇಸಿಗೆಗೆ ಕೈ ಇಳಿಯುವಷ್ಟು ಬಿರಿದು ಮಳೆಗೆ ಉಬ್ಬುವ ಆ ಮಣ್ಣು ಎಷ್ಟು ಗೋಡೆ ಸೀಳಿದೆ, ನಿಮ್ಮ ಓಣಿಯಲ್ಲೇ ಎಣಿಸಿ ನೋಡಿ.

ಮನೆಯ ಬುನಾದಿ ಮುಖ್ಯವಾಗಿ ಭಾರ ಹೊರುತ್ತದೆ. ಗಾಳಿಯಂತ್ರದ ಬುನಾದಿಗೆ ಭಾರಕ್ಕಿಂತ ದೊಡ್ಡ ಕಾಟ ಮೇಲೆ ತಳ್ಳುವ ಗಾಳಿ, ನಡುವೆ ಗುದ್ದುವ ಅಲೆ. ಕಡಲ ತಳಕ್ಕೆ ಬಡಿದ ಆ ಉಕ್ಕಿನ ಕೊಳವೆಯೇ ಅದರ ಬುನಾದಿ; ಅದು ವಾಲದಂತೆ ಹಿಡಿಯುವುದು ಸುತ್ತಲಿನ ಮಣ್ಣೇ.

ಗಟ್ಟಿ ಮರಳಿದ್ದರೆ ಹಿಡಿತ ಚೆನ್ನ. ಆದರೆ ಕೊಳವೆಯನ್ನು ಸುತ್ತಿ ಹರಿಯುವ ನೀರು ವೇಗ ಪಡೆದು ಬುಡದ ಮರಳನ್ನೇ ಎತ್ತಿಕೊಂಡು ಹೋಗುತ್ತದೆ. ಸೇತುವೆ ಕಂಬದ ಬುಡದಲ್ಲಿ ಭೀಮೆ ತುಂಬಿ ಬಂದಾಗ ಮಾಡುವ ಕೆಲಸವೇ. ಗುಂಡಿ ವ್ಯಾಸದ 1.3 ಪಟ್ಟು ಆಳವಾದೀತೆಂದು ಲೆಕ್ಕ ಹಿಡಿಯುವುದುಂಟು. 8 ಮೀಟರ್ ಕೊಳವೆಗೆ 10 ಮೀಟರ್ ಮೀರಿತು! ಅಷ್ಟು ಹಿಡಿತ ಕಳೆದುಕೊಂಡ ಕಂಬ ತೂಗುವ ಲಯ ನಿಧಾನವಾಗುತ್ತದೆ. ಅದು ರೆಕ್ಕೆ ಸುತ್ತುವ ಲಯಕ್ಕೆ ಹತ್ತಿರ ಬಂತೋ, ನಡುಕ ಬೆಳೆದು ಬೆಸುಗೆ ದಣಿಯುತ್ತದೆ. ಅದಕ್ಕೇ ಬುಡಕ್ಕೆ ಮೊದಲು ಸಣ್ಣ ಕಲ್ಲಿನ ಹಾಸು, ಮೇಲೆ ದಪ್ಪ ಕಲ್ಲು. ದಪ್ಪದ್ದನ್ನಷ್ಟೇ ಸುರಿದರೆ ಸಂದಿಯಿಂದ ಮರಳು ನುಸುಳಿ ಕಲ್ಲೇ ಕುಸಿಯುತ್ತದೆ.

ಮೆದು ಜೇಡಿಯದು ಬೇರೆ ಪಜೀತಿ. ಮೇಲೆ ಸುತ್ತಿಗೆ ಇಟ್ಟೊಡನೆ ಕೊಳವೆ ಸರ್ರನೆ ಇಳಿದುಬಿಡಬಹುದು. ನಿಂತ ಮೇಲೂ ಲಕ್ಷಾಂತರ ಅಲೆಗಳ ಅಲುಗಾಟಕ್ಕೆ ಜೇಡಿ ಸಡಿಲುತ್ತದೆ. ಒಟ್ಟು ವಾಲುವಿಕೆಗೆ ಸಾಮಾನ್ಯ ಮಿತಿ ಅರ್ಧ ಡಿಗ್ರಿ. ಅದರಲ್ಲಿ ಕಾಲು ಡಿಗ್ರಿ ನೆಡುವಾಗಿನ ತಪ್ಪಿಗೇ ಮೀಸಲು. ಉತ್ತರ ಯುರೋಪಿನ ಬಾಲ್ಟಿಕ್ ಕಡಲ ತಳದಲ್ಲಿ ಹಿಮನದಿಗಳು ಬಿಟ್ಟುಹೋದ ಬಂಡೆಗಳಿವೆ. ಕೊಳವೆಯ ಅಂಚು ಅದಕ್ಕೆ ತಾಗಿ ಒಮ್ಮೆ ತಗ್ಗಾದರೆ, ಬಡಿದಷ್ಟೂ ಒಳಕ್ಕೆ ಮಡಚಿಕೊಳ್ಳುತ್ತದೆ.

ಆದ್ದರಿಂದಲೇ ಯಂತ್ರ ನಿಲ್ಲುವ ಜಾಗಗಳಲ್ಲಿ ಉಕ್ಕಿನ ಶಂಕುವನ್ನು ಸೆಕೆಂಡಿಗೆ 2 ಸೆಂ.ಮೀ.ನಂತೆ ಒತ್ತಿ, ತುದಿಯ ತಡೆ, ಬದಿಯ ತಿಕ್ಕಾಟ, ಮಣ್ಣೊಳಗಿನ ನೀರಿನ ಒತ್ತಡ ಅಳೆಯುತ್ತಾರೆ.

ನಮ್ಮಲ್ಲಿ? ವಾಸ್ತು ಕೇಳುತ್ತೇವೆ, ಟೈಲ್ಸ್ ರೇಟು ಕೇಳುತ್ತೇವೆ. ಮಣ್ಣು ಪರೀಕ್ಷೆ ಅಂದರೆ “ಬಾಜೂ ಮನಿಯವರು ನಾಲ್ಕು ಫೂಟ್ ತೋಡ್ಯಾರ, ನಮಗೂ ಅಷ್ಟೇ ಸಾಕು.” ಎರೆ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಿರುವ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ರೂಪಿಸಿ ದಶಕಗಳೇ ಕಳೆದವು: ಆಳ ಸುಮಾರು 3.5 ಮೀಟರ್, ಏಕೆಂದರೆ ಬಿಸಿಲು-ಮಳೆಯ ಏರುಪೇರು ಅಲ್ಲಿಗೆ ತಲುಪದು. ಗಡ್ಡೆಯ ಅಗಲ ಪೈಲಿನ 2.5 ಪಟ್ಟು. ಮೇಲಿನ ಬೀಮಿಗೂ ನೆಲಕ್ಕೂ ನಡುವೆ ಸಂದು ಬಿಡಬೇಕು, ಉಬ್ಬಿದ ಮಣ್ಣು ಬೀಮನ್ನು ಎತ್ತದಿರಲಿ ಎಂದು. ಆ ಸಂದನ್ನೂ “ಗೌಂಡಿ ಮರ್ತಾನ” ಅಂತ ಮಾಲೀಕರೇ ಮುಂದೆ ನಿಂತು ಮಣ್ಣು ತುಂಬಿಸುತ್ತಾರೆ.