ದೇವರೇ ಮಾಡಿದವನ ಮನೆಹೆಸರು

ಪ್ರಶ್ನೆ: ಸ್ಪೇನಿನ ಫುಟ್‌ಬಾಲ್ ಆಟಗಾರ ಜೆರಾರ್ಡ್ ದೆವ್ಲೊಫೆವ್ ಅವರ ಕುಲನಾಮ ನಾವು ಸಾಮಾನ್ಯವಾಗಿ ಕೇಳುವ ಗಾರ್ಸಿಯಾ, ಲೋಪೆಸ್, ಫೆರ್ನಾಂಡೆಸ್‌ಗಳಂತಿಲ್ಲ. ಅದರ ಅರ್ಥವೇನು? ಹೆತ್ತವರು ತೊರೆದ ಶಿಶುಗಳಿಗೆ ಇಡುತ್ತಿದ್ದ ಹೆಸರು ಅದೆಂದು ಎಲ್ಲೋ ಓದಿದ ನೆನಪು. ನಿಜವೇ? ಈಗ ಅದು ಎಷ್ಟರಮಟ್ಟಿಗೆ ಬಳಕೆಯಲ್ಲಿದೆ?

ಉತ್ತರ: ಈ ಹೆಸರು ಸ್ಪೇನ್ ದೇಶದ್ದು ನಿಜ, ಆದರೆ ಸ್ಪ್ಯಾನಿಷ್ ಭಾಷೆಯದಲ್ಲ. ದೇಶದ ಈಶಾನ್ಯ ಮೂಲೆಯ ಕತಲೂನ್ಯದಲ್ಲಿ ಆಡುವ ಕತಲಾನ್ ಭಾಷೆಯ ಮೂರು ಪದಗಳು ಇಲ್ಲಿ ಬೆಸೆದುಕೊಂಡಿವೆ. ‘ದೆವ್’ ಎಂದರೆ ದೇವರು, ‘ಲೊ’ ಎಂದರೆ ಅವನನ್ನು, ‘ಫೆವ್’ ಎಂದರೆ ಮಾಡಿದನು. ಒಟ್ಟಿಗೆ ಓದಿದರೆ ‘ದೇವರು ಅವನನ್ನು ಮಾಡಿದನು’ ಎಂಬ ಪೂರ್ತಿ ವಾಕ್ಯವೇ ಆಗುತ್ತದೆ. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರುವ ಕುಲನಾಮಗಳು ಯಾವ ಭಾಷೆಯಲ್ಲಾದರೂ ವಿರಳವೇ. ಈ ‘ದೆವ್’ ಲ್ಯಾಟಿನ್ನಿನ ‘ದೆಉಸ್’ನಿಂದ ಬಂದದ್ದು, ಲ್ಯಾಟಿನ್ನಿನ ಆ ಪದಕ್ಕೂ ಸಂಸ್ಕೃತದ ‘ದೇವ’ಕ್ಕೂ ಮೂಲಧಾತು ಒಂದೇ. ಹಾಗಾಗಿ ಹೆಸರಿನ ಮೊದಲಕ್ಷರ ಕನ್ನಡದ ಕಿವಿಗೆ ಪರಿಚಿತವೆನಿಸಿದರೆ ಅದು ಆಕಸ್ಮಿಕವಲ್ಲ.

ಹೆಸರಿನ ವ್ಯಾಕರಣವೇ ಅದರ ವಯಸ್ಸನ್ನು ಹೇಳುತ್ತದೆ. ಇಂದಿನ ಆಡುಮಾತಿನ ಕತಲಾನ್‌ನಲ್ಲಿ ‘ಮಾಡಿದನು’ ಎನ್ನಲು ಸಹಾಯಕ ಕ್ರಿಯಾಪದ ಸೇರಿಸಿ ‘ವಾ ಫೆರ್’ ಎನ್ನುತ್ತಾರೆ. ‘ಫೆವ್’ ಎಂಬ ಒಂಟಿ ರೂಪ ಬರವಣಿಗೆಯಲ್ಲಿ ಉಳಿದಿದೆಯಾದರೂ ಕತಲೂನ್ಯದ ಮನೆಮಾತಿನಿಂದ ಬಹುಮಟ್ಟಿಗೆ ಸರಿದುಹೋಗಿದೆ. ಕ್ರಿಯಾಪದದ ಹಿಂದೆ ನಿಂತ ‘ಲೊ’ ಕೂಡ ಹಳೆಯ ರೂಪ. ಈಗಿನ ಪ್ರಮಾಣಭಾಷೆ ಅಲ್ಲಿ ‘ಎಲ್’ ಎನ್ನುತ್ತದೆ. ಮಾತು ಬದಲಾದರೂ ಹೆಸರು ಬದಲಾಗದೆ, ಮಧ್ಯಯುಗದ ಒಂದು ವಾಕ್ಯ ನಮ್ಮ ಕಾಲದ ಆಟಗಾರನ ಅಂಗಿಯ ಬೆನ್ನಿನ ಮೇಲೂ ಓಡಾಡಿದೆ.

ಇನ್ನು ನೀವು ಓದಿದ್ದರ ವಿಚಾರ. ತೊರೆದ ಶಿಶುಗಳಿಗೂ ಈ ಹೆಸರಿಗೂ ನಂಟು ಕಲ್ಪಿಸುವುದು ಬಹಳ ಪ್ರಚಲಿತವಾದ ವಿವರಣೆ, ಅದಕ್ಕೆ ಕಾರಣವೂ ಇದೆ. ತಂದೆ ಯಾರೆಂದು ತಿಳಿಯದ ಮಗುವಿನ ಹೆಸರಿನ ಮುಂದೆ ಏನಾದರೂ ಬರೆಯಲೇಬೇಕಾದಾಗ, ‘ಇದನ್ನು ದೇವರು ಮಾಡಿದನು’ ಎನ್ನುವುದಕ್ಕಿಂತ ಮೃದುವಾದ ಉತ್ತರ ಪಾದ್ರಿಗಾಗಲಿ ಆಸ್ಪತ್ರೆಯ ಗುಮಾಸ್ತನಿಗಾಗಲಿ ಹೊಳೆಯುವುದು ಕಷ್ಟ. ಆದರೆ ವಿವರಣೆ ಅಷ್ಟಕ್ಕೇ ಮುಗಿಯುವುದಿಲ್ಲ. ಮಧ್ಯಯುಗದ ಕತಲೂನ್ಯದಲ್ಲಿ ಹರಕೆಯ ಅಥವಾ ಹಾರೈಕೆಯ ಮಾತನ್ನೇ ಮಗುವಿನ ಹೆಸರಾಗಿಡುವ ರೂಢಿಯಿತ್ತು. ‘ದೇವರು ಕಾಯಲಿ’ ಎಂಬರ್ಥದ ದೆವ್ಲೊಸಾಲ್, ‘ದೇವರು ಬೆಳೆಸಲಿ’ ಎಂಬರ್ಥದ ದೆವ್ಲೊಕ್ರೆಸ್ಕ ಇದೇ ಅಚ್ಚಿನವು. ಇವು ಅಲ್ಲಿನ ಯಹೂದಿ ಕುಟುಂಬಗಳಲ್ಲಿಯೂ ಬಳಕೆಯಲ್ಲಿದ್ದವು. ಇಂಥ ಹೆಸರು ಹೊತ್ತವರು ಹೆತ್ತವರ ಮಡಿಲಲ್ಲೇ ಬೆಳೆದ ಮಕ್ಕಳು. ತಂದೆಗಿದ್ದ ಹೆಸರು ಮಗನಿಗೆ ಗುರುತಾಗಿ, ಮೊಮ್ಮಗನಿಗೆ ಕುಲನಾಮವಾಗಿ ನಿಂತದ್ದುಂಟು. 16ನೆಯ ಶತಮಾನದಲ್ಲಿ ಟ್ರೆಂಟ್‌ನಲ್ಲಿ ಸೇರಿದ ಕ್ಯಾಥೊಲಿಕ್ ಧರ್ಮಸಭೆಯ ನಂತರ ಚರ್ಚುಗಳಲ್ಲಿ ದೀಕ್ಷಾಸ್ನಾನದ ದಾಖಲೆ ಇಡುವುದು ಕಡ್ಡಾಯವಾದಾಗ, ಹೀಗೆ ನಿಂತ ಹೆಸರುಗಳು ಮತ್ತಷ್ಟು ಗಟ್ಟಿಯಾದವು. ಆದ್ದರಿಂದ ದೆವ್ಲೊಫೆವ್ ಎಂಬ ಹೆಸರು ಕಂಡಲ್ಲೆಲ್ಲ ಒಬ್ಬ ಅನಾಥ ಪೂರ್ವಜನನ್ನು ಊಹಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಆತುರದ ತೀರ್ಮಾನ. ಯಾವ ಮನೆತನದ ಕಥೆ ಯಾವುದು ಎಂಬುದನ್ನು ಆಯಾ ಊರಿನ ಚರ್ಚಿನ ಪುಸ್ತಕವೇ ಹೇಳಬೇಕು.

ತೊರೆದ ಶಿಶುಗಳ ಹೆಸರು ಎಂದು ಯಾವ ಅನುಮಾನವೂ ಇಲ್ಲದೆ ಹೇಳಬಹುದಾದದ್ದು ಇನ್ನೊಂದಿದೆ: ಎಕ್ಸ್‌ಪೋಸಿತೊ. ‘ಹೊರಗೆ ಇಡಲ್ಪಟ್ಟ’ ಎಂಬುದು ಅದರ ಲ್ಯಾಟಿನ್ ಮೂಲದ ಅರ್ಥ. ಸ್ಪೇನಿನ ಊರೂರುಗಳಲ್ಲಿದ್ದ ಶಿಶುಪಾಲನಾ ಗೃಹಗಳ ಗೋಡೆಯಲ್ಲಿ ‘ತೊರ್ನೊ’ ಎಂಬ ಮರದ ಪೀಪಾಯಿ ಇರುತ್ತಿತ್ತು. ರಾತ್ರಿಯಲ್ಲಿ ಬಂದವರು ಮಗುವನ್ನು ಅದರಲ್ಲಿ ಮಲಗಿಸಿ ಗಂಟೆ ಬಾರಿಸಿದರೆ, ಒಳಗಿದ್ದವರು ಅದನ್ನು ತಿರುಗಿಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಎತ್ತಿಕೊಂಡವರಿಗೆ ಕಾಣುತ್ತಿರಲಿಲ್ಲ. ಮಗು ಯಾವ ಹೊತ್ತಿಗೆ ಬಂತು, ಮೈಮೇಲೆ ಎಂಥ ಬಟ್ಟೆಯಿತ್ತು, ಬಟ್ಟೆಗೆ ಸಿಕ್ಕಿಸಿದ ಚೀಟಿಯಲ್ಲಿ ಏನು ಬರೆದಿತ್ತು ಎಂಬುದನ್ನೆಲ್ಲ ಪುಸ್ತಕದಲ್ಲಿ ದಾಖಲಿಸಿ, ಹಾಲೂಡಿಸಲು ದಾದಿಯ ಕೈಗೆ ಕೊಡಲಾಗುತ್ತಿತ್ತು. ಎಂದಾದರೂ ಮರಳಿ ಕೇಳಿಕೊಂಡು ಬಂದಾಗ ಗುರುತು ಹಿಡಿಯಲೆಂದು ಕೆಲವು ತಾಯಂದಿರು ಅರ್ಧ ಹರಿದ ಚೀಟಿಯನ್ನೋ ರಿಬ್ಬನ್ನಿನ ತುಂಡನ್ನೋ ಮಗುವಿನ ಜೊತೆಗಿಡುತ್ತಿದ್ದರು. ಬಾರ್ಸಿಲೋನಾದಲ್ಲಿ ಇಂಥ ಶಿಶುಗಳನ್ನು ನೋಡಿಕೊಂಡದ್ದು 1401ರಲ್ಲಿ ಹುಟ್ಟಿದ ಸಾಂತಾ ಕ್ರೆವ್ ಆಸ್ಪತ್ರೆ. ಅದರ ಹಳೆಯ ಕಟ್ಟಡದಲ್ಲಿ ಈಗ ಕತಲೂನ್ಯದ ರಾಷ್ಟ್ರೀಯ ಗ್ರಂಥಾಲಯವಿದೆ.

ಎಕ್ಸ್‌ಪೋಸಿತೊ ಎಂದರೆ ಸಾಕು, ಜನ್ಮವೃತ್ತಾಂತವೆಲ್ಲ ಬಯಲಾಗುತ್ತಿತ್ತು. ದೊರೆ 4ನೆಯ ಕಾರ್ಲೊಸ್ 1794ರಲ್ಲಿ ಹೊರಡಿಸಿದ ಆಜ್ಞೆ ಇಂಥ ಮಕ್ಕಳನ್ನು ಎಲ್ಲ ನಾಗರಿಕ ವ್ಯವಹಾರಗಳಲ್ಲಿ ಸಕ್ರಮ ಸಂತಾನವೆಂದೇ ಪರಿಗಣಿಸಬೇಕೆಂದಿತು, ಅವರನ್ನು ಹಾದರಕ್ಕೆ ಹುಟ್ಟಿದವರೆಂದು ಹಳಿಯುವವರಿಗೆ ಶಿಕ್ಷೆಯನ್ನೂ ವಿಧಿಸಿತು. ಕಾನೂನು ಹೇಳಿದ ಮಾತ್ರಕ್ಕೆ ಊರಿನ ಬಾಯಿ ಮುಚ್ಚುವುದೇ? ಕೊನೆಗೆ 1921ರಲ್ಲಿ, ಬೇಕಿದ್ದವರು ಈ ಕುಲನಾಮವನ್ನು ಬದಲಿಸಿಕೊಳ್ಳಲು ಕಾನೂನೇ ದಾರಿ ಮಾಡಿಕೊಟ್ಟಿತು. ಎರಡೂ ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ: ಒಂದು ಮಗುವನ್ನು ಎಲ್ಲಿ ಇಟ್ಟುಹೋದರು ಎನ್ನುತ್ತದೆ, ಇನ್ನೊಂದು ಮಗು ಯಾರದು ಎನ್ನುತ್ತದೆ. ದೆವ್ಲೊಫೆವ್ ಎಂಬವನು ಅನಾಥನಾಗಿದ್ದರೂ ಅವನ ಹೆಸರು ಅದನ್ನು ಬಿಟ್ಟುಕೊಡುವುದಿಲ್ಲ.

ಬಳಕೆಯ ಮಾತಿಗೆ ಬಂದರೆ, ಇದು ನಿಜಕ್ಕೂ ಅಪರೂಪ. ಸ್ಪೇನಿನಲ್ಲಿ ಗಾರ್ಸಿಯಾ ಎಂಬುದನ್ನು ಮೊದಲ ಕುಲನಾಮವಾಗಿ ಹೊತ್ತವರೇ 14 ಲಕ್ಷಕ್ಕೂ ಮಿಕ್ಕಿದ್ದಾರೆ. ಅದರ ಮುಂದೆ ದೆವ್ಲೊಫೆವ್‌ಗಳು ಬೊಗಸೆಯಷ್ಟು, ಅದೂ ಹೆಚ್ಚಾಗಿ ಕತಲೂನ್ಯದೊಳಗೇ. ಆಟಗಾರ ಜೆರಾರ್ಡ್ ಅವರು 1994ರಲ್ಲಿ ಹುಟ್ಟಿದ ರಿಯುದಾರೆನೆಸ್ ಎಂಬ ಊರು ಜಿರೋನಾ ಪ್ರಾಂತ್ಯಕ್ಕೆ ಸೇರಿದ್ದು. ಇಂಥ ಹೆಸರುಗಳು ಬೆಳೆಯದಿರಲು ಅಲ್ಲಿನ ನಾಮಪದ್ಧತಿಯೂ ಒಂದು ಕಾರಣ. ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಕುಲನಾಮಗಳು: ರೂಢಿಯಂತೆ ಮೊದಲನೆಯದು ತಂದೆಯದು, ಎರಡನೆಯದು ತಾಯಿಯದು. ಜೆರಾರ್ಡ್ ಅವರ ಪೂರ್ಣ ಹೆಸರಿನ ಕೊನೆಯಲ್ಲಿರುವ ಲಾಸರೊ ತಾಯಿಯ ಕಡೆಯದು. ದೆವ್ಲೊಫೆವ್ ಮನೆತನದ ಮಗಳ ಮಕ್ಕಳಿಗೆ ಈ ಹೆಸರು ಎರಡನೆಯದಾಗಿ ಬರುತ್ತದೆ, ಆ ಮಕ್ಕಳ ಮಕ್ಕಳಿಗೆ ಬರುವುದೇ ಇಲ್ಲ. ಗಾರ್ಸಿಯಾದಂಥ ಹೆಸರಿಗೆ ಇದರಿಂದ ಏನೂ ಆಗದು, ಆದರೆ ಕೆಲವೇ ಮನೆಗಳಲ್ಲಿ ಉಳಿದ ಹೆಸರಿಗೆ ಹೆಣ್ಣುಮಕ್ಕಳಷ್ಟೇ ಹುಟ್ಟಿದ ಒಂದು ತಲೆಮಾರು ಸಾಕು. ತಂದೆತಾಯಿ ಒಪ್ಪಿದರೆ ಈ ಅನುಕ್ರಮವನ್ನು ತಿರುವುಮುರುವು ಮಾಡಲು 1999ರ ಕಾನೂನು ಅವಕಾಶ ಕೊಟ್ಟಿದೆ, ತಾಯಿಯ ಅಪರೂಪದ ಹೆಸರನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಅದು ಅನುಕೂಲ.

ಸಂಖ್ಯೆ ಸಣ್ಣದಾದರೂ ಹೆಸರು ಮಾಡಿದವರಿಲ್ಲವೆಂದಲ್ಲ. ಕತಲೂನ್ಯದ ಎಂಪೊರ್ದಾ ಸೀಮೆಯಲ್ಲಿ 1903ರಲ್ಲಿ ಹುಟ್ಟಿದ ಅಲೆಕ್ಸಾಂದ್ರೆ ದೆವ್ಲೊಫೆವ್ ವೃತ್ತಿಯಿಂದ ಔಷಧ ತಜ್ಞರು. ಸಾಮ್ರಾಜ್ಯಗಳು ಏಳುವುದಕ್ಕೂ ಬೀಳುವುದಕ್ಕೂ ಗಣಿತದ ಲೆಕ್ಕವಿದೆಯೆಂದು ಸಾಧಿಸಲು ಹೊರಟು ಸೋವಿಯತ್ ಒಕ್ಕೂಟದ ಪತನವನ್ನು ಮುಂಚೆಯೇ ಸಾರಿದ್ದವರು. ಅರ್ಜೆಂಟೀನಾದ ರಸಾಯನಶಾಸ್ತ್ರಜ್ಞ ವೆನಾನ್ಸಿಯೊ ದೆವ್ಲೊಫೆವ್ (1902–1984) ಇನ್ನೊಬ್ಬರು.

ಪ್ರಶ್ನೆ: ಈ ಹೆಸರನ್ನು ವೀಕ್ಷಕ ವಿವರಣೆಕಾರರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಸರಿಯಾದ ಉಚ್ಚಾರ ಯಾವುದು?

ಉತ್ತರ: ಇಂಗ್ಲಿಷ್ ವಿವರಣೆಕಾರರ ಬಾಯಲ್ಲಿ ಕೇಳಿಬರುವ ‘ಡ್ಯೂಲೋಫ್ಯೂ’ ಮೂಲದಿಂದ ದೂರ. ಹೆಸರಿನಲ್ಲಿ ಎರಡು ಸಲ ಬರುವ ಸ್ವರಜೋಡಿ ‘ಯೂ’ ಅಲ್ಲ, ‘ಎ’ ಮತ್ತು ‘ಉ’ ಒಂದೇ ಉಸಿರಿಗೆ ಕೂಡಿದ ‘ಎವ್’. ಮ್ಯಾಡ್ರಿಡ್‌ನವರು ‘ದೆವ್ಲೊಫೆವ್’ ಎನ್ನುತ್ತಾರೆ. ಬಾರ್ಸಿಲೋನಾದ ಕತಲಾನ್‌ನಲ್ಲಿ ಒತ್ತು ಬೀಳದ ‘ಒ’ಕಾರ ‘ಉ’ ಆಗುವುದರಿಂದ, ಮೊದಲ ‘ಎ’ಕಾರವೂ ಮಸುಕಾಗುವುದರಿಂದ, ಅಲ್ಲಿ ಅದು ‘ದವ್ಲುಫೆವ್’ ಎಂಬುದಕ್ಕೆ ಹತ್ತಿರ ಕೇಳಿಸುತ್ತದೆ. ಎರಡರಲ್ಲೂ ಒತ್ತು ಕೊನೆಯ ‘ಫೆವ್’ ಮೇಲೆ.