ಸ್ಟೇರಿಂಗ್ ಚರ್ಮಕ್ಕೆ ಅಡಿಕೆ ಚೊಗರು ಹಚ್ಚಬಹುದಾ?

ಪ್ರಶ್ನೆ: ನಮ್ಮ ಕಾರಿಗೆ ಹನ್ನೆರಡು ವರ್ಷ ಆಯಿತು. ಸ್ಟೇರಿಂಗ್‌ಗೆ ಕಂಪನಿಯಿಂದಲೇ ಬಂದ ಕಪ್ಪು ಚರ್ಮ ಇದೆ. ಎಡಗಡೆ ಬಣ್ಣ ಹೋಗಿ ಬೂದು ನಾರು ಕಾಣುತ್ತಿದೆ. ಬಲಗಡೆ ಎಣ್ಣೆ ಸವರಿದ ಹಾಗೆ ಮಿಂಚುತ್ತದೆ. ಮಳೆಗಾಲದಲ್ಲಿ ಬೂಷ್ಟು ಬೇರೆ. ಕೊಬ್ಬರಿ ಎಣ್ಣೆ ಹಚ್ಚಿದೆ, ಎರಡು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿನ ಹಾಗೇ. ನಮ್ಮಜ್ಜ ಚಪ್ಪಲಿಗೆ ಅಡಿಕೆ ಚೊಗರು ಬಳಿಯುತ್ತಿದ್ದರು. ಅದನ್ನೇ ಹಚ್ಚಬಹುದಾ ಸಾರ್? ಮನೆಯಲ್ಲೇ ಮಾಡಿಕೊಳ್ಳುವ ದಾರಿ ತಿಳಿಸಿ.
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಚೊಗರಿನ ವಿಷಯ ಬರೆದಿದ್ದೀರಿ, ತುಂಬಾ ಖುಷಿಯಾಯಿತು. ನಿಮ್ಮಜ್ಜ ಮಾಡಿದ್ದು ಸರಿಯಾಗಿಯೇ ಇತ್ತು. ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಚೊಗರಾಗುತ್ತದಲ್ಲ, ಅದರಲ್ಲಿರುವ ಒಗರೇ ಟ್ಯಾನಿನ್. ಚರ್ಮ ಹದ ಮಾಡುವವರು ಮರದ ತೊಗಟೆಯಿಂದ ತೆಗೆಯುವುದೂ ಇದೇ ಒಗರನ್ನು. ಹೆಗ್ಗೋಡಿನ ಕೈಮಗ್ಗ ಸಂಸ್ಥೆ ಚರಕದವರು ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಆದರೆ ಅಜ್ಜನ ಚಪ್ಪಲಿಯದು ಬರಿ ಚರ್ಮ, ಹಚ್ಚಿದ್ದನ್ನೆಲ್ಲ ಕುಡಿಯುತ್ತಿತ್ತು. ಕಾರಿನ ಚರ್ಮ ಹಾಗಲ್ಲ. ಅದರ ಮೇಲೆ ಒಂದು ಬಣ್ಣದ ಪದರ, ಅದರ ಮೇಲೆ ಬಣ್ಣ ಕಾಯುವ ಇನ್ನೊಂದು ತೆಳು ಪದರ ಇರುತ್ತದೆ. ಚೊಗರು ಅದರೊಳಗೆ ಇಳಿಯುವುದಿಲ್ಲ. ಸವೆದ ಜಾಗದಲ್ಲಿ ಮಾತ್ರ ಇಳಿಯುತ್ತದೆ, ಆದರೆ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಹಳೆಯ ಸ್ಟೇರಿಂಗ್‌ನಿಂದ ಬಿಚ್ಚಿದ ತುಂಡಿಗೆ ನಾನೂ ಹಚ್ಚಿ ನೋಡಿದ್ದೇನೆ. ಒದ್ದೆ ಕೈಯಲ್ಲಿ ಹಿಡಿದ ಕೂಡಲೇ ಅಂಗೈಯೆಲ್ಲ ಕೆಂಪು. ನಾಳೆ ಅದೇ ನಿಮ್ಮ ಬಿಳಿ ಅಂಗಿಗೆ ಬರುತ್ತದೆ.

ಕೊಬ್ಬರಿ ಎಣ್ಣೆಯನ್ನಂತೂ ಇನ್ನು ಮುಟ್ಟಿಸಬೇಡಿ. ಅದೂ ಮೇಲೆಯೇ ಕೂತು ಧೂಳು ಹಿಡಿಯುತ್ತದೆ. ಹುಲಿಕಲ್ ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಕೈಯಿಂದ ಜಾರಿದರೆ ಏನು ಗತಿ, ಅಲ್ವಾ?

ಇನ್ನು ಬಲಗಡೆಯ ಆ ಮಿಂಚು. ಅದು ಪಾಲಿಶ್ ಅಲ್ಲ, ಕೊಳೆ. ಹೊಸ ಸ್ಟೇರಿಂಗ್ ಚರ್ಮ ಸಾಮಾನ್ಯವಾಗಿ ಮಿಂಚುವುದಿಲ್ಲ, ಮಂಕಾಗಿಯೇ ಇರುತ್ತದೆ. ಬೆವರು, ಕೈಯ ಜಿಡ್ಡು, ತೋಟದ ಧೂಳು ಎಲ್ಲ ಸೇರಿ ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಗಾಜಿನ ಹಾಗೆ ಆಗಿರುತ್ತದೆ. ಬಣ್ಣದ ಯೋಚನೆ ಆಮೇಲೆ. ಮೊದಲು ಈ ಕೊಳೆ ತೆಗೆಯಿರಿ.

ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು, ಎರಡು ಹನಿ ಮೆದು ಶಾಂಪೂ ಹಾಕಿ ನೊರೆ ಬರಿಸಿ. ಮೆತ್ತನೆ ಹಲ್ಲುಜ್ಜುವ ಬ್ರಶ್‌ಗೆ ಬರೀ ನೊರೆ ತಗೊಳ್ಳಿ, ನೀರು ಬೇಡ. ಒಂದು ಗೇಣು ಜಾಗ ಮಾತ್ರ ಉಜ್ಜಿ, ತಕ್ಷಣ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಹೊಲಿಗೆಯ ಸಾಲಿನಲ್ಲಿ ಜಿಡ್ಡು ಕಪ್ಪು ದಾರದ ಹಾಗೆ ಕೂತಿರುತ್ತದೆ, ಅಲ್ಲಿ ಅವಸರ ಬೇಡ. ಬಟ್ಟೆ ಬಿಳಿಯಾಗಿಯೇ ವಾಪಸ್ ಬರುವವರೆಗೆ ಮುಂದಿನ ಕೆಲಸಕ್ಕೆ ಹೋಗಬೇಡಿ. ನಾನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಕುಶನ್ ಕೆಲಸ ಮಾಡುತ್ತಿದ್ದಾಗ ಎಷ್ಟೋ ಜನ "ಬಣ್ಣ ಹೊಡೀರಿ" ಅಂತ ಬಂದವರು, ಬರೀ ತೊಳೆದದ್ದನ್ನು ನೋಡಿಯೇ ಸಾಕು ಅಂತ ಹೋಗಿದ್ದಾರೆ.

ನೀರು ಮಾತ್ರ ಒಳಗೆ ಇಳಿಯಬಾರದು. ಒಂದು ವಾಷಿಂಗ್ ಸೆಂಟರ್‌ನಲ್ಲಿ ನನ್ನದೇ ಕಾರಿನ ಸ್ಟೇರಿಂಗ್‌ಗೆ ಪೈಪ್ ಹಿಡಿದುಬಿಟ್ಟರು. ದಾರಿಯುದ್ದಕ್ಕೂ ಹಾರ್ನ್ ತನ್ನಷ್ಟಕ್ಕೆ ಹೊಡೆದುಕೊಳ್ಳುತ್ತಿತ್ತು. ಏರ್‌ಬ್ಯಾಗ್ ಇರುವುದೂ ಅದೇ ಜಾಗದಲ್ಲಿ. ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಸ್ಟೇರಿಂಗ್ ಇದ್ದ ಹಾಗೇ ಇರಲಿ. ನಡುಭಾಗಕ್ಕೆ, ಬಟನ್‌ಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸೀಟಿಗೆ ಹಳೆ ಸೀರೆ ಹೊದಿಸಿ.

ಈಗ ಬೂದು ನಾರಿನ ಜಾಗ. ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮಖಮಲ್ಲಿನ ಹಾಗೆ ಸಣ್ಣ ಜುಂಗು ಎದ್ದಿದ್ದರೆ ಅದು ಚರ್ಮ. ಹಾಳೆಯ ಹಾಗೆ ಸುಲಿದು, ಕೆಳಗೆ ನೇಯ್ದ ಬಟ್ಟೆ ಕಂಡರೆ ರೆಕ್ಸಿನ್. ರೆಕ್ಸಿನ್ ಆದರೆ ಬಣ್ಣಕ್ಕೆ ದುಡ್ಡು ಹಾಕಬೇಡಿ, ಅದು ಮತ್ತೆ ಸುಲಿಯುತ್ತಲೇ ಇರುತ್ತದೆ. ನಿಮ್ಮ ವಿವರಣೆ ನೋಡಿದರೆ ಚರ್ಮವೇ.

ಆ ಜಾಗವನ್ನು 600 ನಂಬರ್ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ, ಆಮೇಲೆ 1000 ನಂಬರಿನಿಂದ ಉಜ್ಜಿ. ಜುಂಗು ಮಲಗಬೇಕು ಅಷ್ಟೇ, ಚರ್ಮ ತೆಳುವಾಗಬಾರದು. ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒಂದು ಸಲ ಒರೆಸಿ, ಉಳಿದ ಜಿಡ್ಡು ಹೋಗುತ್ತದೆ. ಇದು ಬಣ್ಣದ ಪದರವನ್ನೂ ಕರಗಿಸುತ್ತದೆ, ಹಾಗಾಗಿ ಬಣ್ಣ ಹಚ್ಚುವ ಮುಂಚೆ ಒಂದು ಸಲ ಮಾತ್ರ. ಸ್ಯಾನಿಟೈಸರ್ ಹಾಕಿದ ಕೈ ಒಣಗುವ ಮುಂಚೆ ಸ್ಟೇರಿಂಗ್ ಹಿಡಿಯಬೇಡಿ ಅನ್ನುವುದೂ ಇದಕ್ಕೇ.

ಬಿರುಕಿದ್ದರೆ ಲೆದರ್ ಫಿಲ್ಲರನ್ನು ತೆಳುವಾಗಿ ತುಂಬಿ, ಒಣಗಿಸಿ, ಮತ್ತೆ ಉಜ್ಜಿ. ಆಮೇಲೆ ನೀರಿನಲ್ಲಿ ಕಲಸುವ ಲೆದರ್ ಬಣ್ಣ. ಚಪ್ಪಲಿ ಪಾಲಿಶ್ ಖಂಡಿತ ಬೇಡ. ಒಂದು ಸ್ಟೇರಿಂಗ್‌ಗೆ 50 ಮಿಲಿ ಬಾಟಲಿ ಸಾಕು. ಸ್ಪಂಜಿಗೆ ಸ್ವಲ್ಪ ತಗೊಂಡು ತಟ್ಟುತ್ತಾ ಹೋಗಿ. ಮೊದಲ ಕೈ ನೋಡಿದರೆ ಕೆಟ್ಟಿತೇನೋ ಅನ್ನಿಸುತ್ತದೆ, ಎಲ್ಲ ಕಡೆ ತೇಪೆ ತೇಪೆ. ಗಾಬರಿ ಬೇಡ. ಹೇರ್ ಡ್ರೈಯರ್ ದೂರ ಹಿಡಿದು ಒಣಗಿಸಿ, ಎರಡನೇ ಕೈ. ಹೀಗೆ ನಾಲ್ಕೈದು ತೆಳು ಕೈ. ದಪ್ಪಗೆ ಒಂದೇ ಸಲ ಹಚ್ಚಿದರೆ ತಿಂಗಳಲ್ಲೇ ಬಿರುಕು ಬಿಡುತ್ತದೆ. ಕೊನೆಗೆ ಮಿಂಚಿಲ್ಲದ ಟಾಪ್ ಕೋಟ್ ಎರಡು ಕೈ. ಅದಿಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ. ಒಂದು ದಿನ ಮುಟ್ಟಬೇಡಿ, ಮೂರು ದಿನ ಒದ್ದೆ ಕೈ ತಾಗಿಸಬೇಡಿ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು, ಗಾಳಿಯಲ್ಲೇ ನೀರಿರುತ್ತದೆ. ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಮಾಡಿ. ಸುಲಿಯುವ ಸಮಯದಲ್ಲಂತೂ ಕೈಯೆಲ್ಲ ಚೊಗರು, ಬಣ್ಣದ ಮೇಲೆ ಬೆರಳಿನ ಗುರುತು ಬೀಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ, ಹೊಳವಾದ ದಿನ ಕಾರನ್ನು ನೆರಳಲ್ಲಿ ನಿಲ್ಲಿಸಿ ಬಾಗಿಲು ತೆಗೆದಿಡಿ. ಒದ್ದೆ ಕೊಡೆ, ಕಂಬಳಿ ಕಾರಿನೊಳಗೆ ಬಿಡಬೇಡಿ.

ಪ್ರಶ್ನೆ: ಇಷ್ಟೆಲ್ಲ ಕಷ್ಟ ಯಾಕೆ, ಸುಮ್ನೆ ಒಂದು ಕವರ್ ಹಾಕಿದರೆ ಆಗಲ್ವಾ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಆಗುತ್ತದೆ, ಆದರೆ ಎಳೆದು ತೊಡಿಸುವ ಸಡಿಲ ಕವರ್ ಬೇಡ. ತಿರುವಿನಲ್ಲಿ ಕವರ್ ಒಂದು ಕಡೆ, ಸ್ಟೇರಿಂಗ್ ಇನ್ನೊಂದು ಕಡೆ ತಿರುಗುತ್ತದೆ. ಸೂಜಿ ದಾರ ಕೊಟ್ಟು ಹೊಲಿಯುವಂಥದ್ದು ಸಿಗುತ್ತದೆ, ಅದನ್ನೇ ತಗೊಳ್ಳಿ. ಕೊಳ್ಳುವ ಮುಂಚೆ ಸ್ಟೇರಿಂಗ್‌ನ ಅಡ್ಡಳತೆ ಮತ್ತು ಹಿಡಿಯ ದಪ್ಪ ಎರಡನ್ನೂ ಟೇಪ್ ಹಿಡಿದು ಬರೆದುಕೊಳ್ಳಿ. ಅರ್ಧ ಸೆಂಟಿಮೀಟರ್ ಚಿಕ್ಕದಿದ್ದರೆ ಪರವಾಗಿಲ್ಲ, ಎಳೆದು ಹೊಲಿದಾಗ ಬಿಗಿಯಾಗುತ್ತದೆ. ದೊಡ್ಡದಾದರೆ ಅಂಗಡಿಗೆ ವಾಪಸ್ ಕೊಡಿ. ಒಳಗಿನ ಹಳೆ ಚರ್ಮವನ್ನು ಮೇಲೆ ಹೇಳಿದ ಹಾಗೆ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹೊಲಿಯಿರಿ, ಇಲ್ಲದಿದ್ದರೆ ಕವರ್ ಒಳಗೇ ಬೂಷ್ಟು ಬೆಳೆಯುತ್ತದೆ.